ಹುಳುಕಿಲ್ಲದ ಹಲ್ಲೆಲ್ಲ ಒಳ್ಳೇ ಹಲ್ಲಲ್ಲ

ಬಾಯಿ ತೆರೆಯುವ ಮೊದಲು ಫೋನ್ ತೆರೆಯುವವರು ಈಗ ಜಾಸ್ತಿ. ಅದರಲ್ಲೊಂದು ತಲೆಬುರುಡೆಯ ಫೋಟೊ ಇರುತ್ತದೆ. ಸಾಲಾಗಿ ಬೆಳ್ಳಗಿನ ಹಲ್ಲು. ಆದಿಮಾನವನಿಗೆ ಬ್ರಷ್ಷೂ ಇರಲಿಲ್ಲ, ಪೇಸ್ಟೂ ಇರಲಿಲ್ಲ, ಹುಳುಕೂ ಇರಲಿಲ್ಲ ಅಂತ ಕೆಳಗೆ ಬರೆದಿರುತ್ತಾರೆ. "ಇದಕ್ಕೇನಂತೀರಾ ಡಾಕ್ಟ್ರೇ?" ಅಂತ ಕೇಳುವವರ ದವಡೆ ಅಷ್ಟರಲ್ಲಿ ಊದಿರುತ್ತದೆ.

ಹಲ್ಲಿನ ಡಾಕ್ಟರಾದರೂ ನನಗೆ ಹಳೇ ಕಾಲದವರ ಹಲ್ಲಿನ ಬಗ್ಗೆ ಓದುವ ಚಟ. ಹಾಗಾಗಿ ಈ ಫೋಟೊ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. 1921ರಲ್ಲಿ ಈಗಿನ ಜಾಂಬಿಯಾದ ಕಾಬ್ವೆ ಎಂಬಲ್ಲಿ ಗಣಿ ಅಗೆಯುವಾಗ ಒಂದು ತಲೆಬುರುಡೆ ಸಿಕ್ಕಿತು. ಸುಮಾರು 3 ಲಕ್ಷ ವರ್ಷ ಹಳೆಯದು. ಆ ಪುಣ್ಯಾತ್ಮ ಸಕ್ಕರೆ ಕಂಡವನಲ್ಲ, ಬಿಸ್ಕತ್ತು ತಿಂದವನಲ್ಲ. ಆದರೂ ಅವನ ಮೇಲಿನ ಸಾಲಿನಲ್ಲಿ 10 ಹಲ್ಲು ಹುಳುಕು. ಅವನೊಬ್ಬನ ಕಥೆ, ಬಿಡಿ ಅನ್ನಬಹುದು. ಮೊರಾಕೊದ ಟಾಫೊರಾಲ್ಟ್ ಗುಹೆಯಲ್ಲಿ ಸುಮಾರು 14–15 ಸಾವಿರ ವರ್ಷ ಹಿಂದೆ ಬದುಕಿದ್ದ ಜನ ಬೇಸಾಯವನ್ನೇ ಮಾಡುತ್ತಿರಲಿಲ್ಲ. ಬೇಟೆಯಾಡುತ್ತಿದ್ದರು, ಕಾಡಿನಲ್ಲಿ ಸಿಕ್ಕಿದ್ದನ್ನು ಆಯ್ದು ತರುತ್ತಿದ್ದರು. ಅಲ್ಲಿನ ದೊಡ್ಡವರ ಹಲ್ಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಳುಕಾಗಿದ್ದವು. ಓಕ್ ಮರದ ಕಾಯಿಯನ್ನು ಕೂಡಿಟ್ಟು ತಿನ್ನುತ್ತಿದ್ದರು. ಅದರಲ್ಲಿ ಪಿಷ್ಟ ತುಂಬಾ. ಬೇಯಿಸಿದರೆ ಅಂಟಾಗಿ ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಕಾಡಿನ ಊಟ ಎಂದ ಮಾತ್ರಕ್ಕೆ ಹಲ್ಲಿಗೆ ಒಳ್ಳೆಯದು ಅಂತೇನೂ ಇಲ್ಲ.

ಹಾಗಂತ ಎಲ್ಲ ಕಡೆಯೂ ಹೀಗೇ ಇತ್ತು ಅಂತಲೂ ಹೇಳುತ್ತಿಲ್ಲ. ಎಷ್ಟೋ ಹಳೇ ದವಡೆಗಳಲ್ಲಿ ಹುಳುಕು ನಿಜವಾಗಿಯೂ ಕಡಿಮೆ. ಜನ ಎಡವುವುದು ಇಲ್ಲೇ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತಿದು, ಅದಕ್ಕೇ ಇವತ್ತು ಸ್ವಲ್ಪ ಎಳೆದು ಹೇಳುತ್ತೇನೆ: ಹುಳುಕಿಲ್ಲ ಎಂದರೆ ಬಾಯಿ ಚೆನ್ನಾಗಿತ್ತು ಎಂದಲ್ಲ.

ಹುಳುಕು ಹೆಚ್ಚಾಗಿ ಶುರುವಾಗುವುದು ದವಡೆ ಹಲ್ಲಿನ ಮೇಲಿನ ಗುಳಿಗಳಲ್ಲಿ. ಹಳಬರು ಧಾನ್ಯ ಬೀಸುತ್ತಿದ್ದದ್ದು ಕಲ್ಲಿನ ಮೇಲೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಹೋದರೆ ಬಂಡೆಗಳ ಮೇಲೆ ಬೀಸಿ ಬೀಸಿ ಆದ ಗುಳಿಗಳನ್ನು ಈಗಲೂ ಕೈಯಿಂದ ಸವರಿ ನೋಡಬಹುದು. ಆ ಕಾಲದಲ್ಲಿ ಈ ಸೀಮೆಯವರು ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರು. ಬಂಡೆ ಅಷ್ಟು ಸವೆದಿದೆ ಅಂದರೆ ಆ ಪುಡಿ ಎಲ್ಲಿಗೆ ಹೋಯಿತು? ಹಿಟ್ಟಿನ ಜೊತೆ ಹೊಟ್ಟೆಗೇ ಅಲ್ವಾ? ದಿನಾ ಕಲ್ಲುಪುಡಿ ಅಗಿದರೆ ಹಲ್ಲಿನ ಮೇಲಿನ ಉಬ್ಬು, ಗುಳಿ ಎಲ್ಲ ಸವೆದು ಮಟ್ಟಸವಾಗುತ್ತದೆ. ಗುಳಿಯೇ ಇಲ್ಲದ ಮೇಲೆ ಹುಳುಕು ಕೂರುವುದೆಲ್ಲಿ? ಆದರೆ ಸವೆತ ಅಲ್ಲಿಗೇ ನಿಲ್ಲುವುದಿಲ್ಲ. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ಹೋಗುತ್ತದೆ, ಒಳಗಿನ ಹಳದಿ ಪದರ ಹೋಗುತ್ತದೆ, ಕೊನೆಗೆ ನರ ಬಯಲಾಗುತ್ತದೆ. ಆಮೇಲೆ ಬೇರಿನ ತುದಿಯಲ್ಲಿ ಕೀವು. ಈಜಿಪ್ಟಿನ ಮಮ್ಮಿಗಳಲ್ಲಿ ಇದು ಧಾರಾಳವಾಗಿ ಕಾಣುತ್ತದೆ. ಅವರ ರೊಟ್ಟಿಯಲ್ಲಿ ಮರಳು ಸೇರುತ್ತಿತ್ತು. ಸಾಕ್ಷಾತ್ ದೊರೆಗಳೇ ದವಡೆಯಲ್ಲಿ ಕೀವು ಇಟ್ಟುಕೊಂಡು ಸತ್ತಿದ್ದಾರೆ.

ನನ್ನಲ್ಲಿಗೆ ಒಬ್ಬರು ಅಜ್ಜ ಬರುತ್ತಿದ್ದರು. ಜೀವಮಾನವೆಲ್ಲ ಇದ್ದಿಲಪುಡಿ, ಇಟ್ಟಿಗೆಪುಡಿಯಲ್ಲಿ ಗಸಗಸ ಉಜ್ಜಿದವರು. "ನೋಡವ್ವ, ಒಂದಾದ್ರೂ ಹುಳುಕೈತೇನು?" ಅಂತ ಬಾಯಿ ಅಗಲಿಸುತ್ತಿದ್ದರು. ಖಂಡಿತ ಇರಲಿಲ್ಲ. ಹಲ್ಲುಗಳು ವಸಡಿನಿಂದ ಜೋಳದ ಕಾಳಿನಷ್ಟು ಮಾತ್ರ ಮೇಲಿದ್ದವು. ನಡುವೆ ಕಂದು ಚುಕ್ಕೆ, ಅದೇ ನರದ ಜಾಗ. ಕೆಳಗಿನ ಎಡದವಡೆಯ ವಸಡಿನಲ್ಲಿ ಒಂದು ಗುಳ್ಳೆ, ಒತ್ತಿದರೆ ಕೀವು. ತಣ್ಣೀರು ಕುಡಿಯುವಾಗ ತಲೆಯನ್ನು ಬಲಕ್ಕೆ ಓರೆ ಮಾಡುವುದು ಅವರಿಗೇ ಗೊತ್ತಿಲ್ಲದಷ್ಟು ಅಭ್ಯಾಸವಾಗಿತ್ತು. ಬಹಳ ಪ್ರೀತಿಯ ಮನುಷ್ಯ. ಪುಡಿ ಬಿಡಿ ಅಂದರೆ ಮಾತ್ರ ನಕ್ಕು ಎದ್ದು ಹೋಗುತ್ತಿದ್ದರು.

ಇನ್ನೊಂದು ವಿಷಯ. ಫೋಟೊದಲ್ಲಿ ಇರುವ ಹಲ್ಲನ್ನು ಎಲ್ಲರೂ ನೋಡುತ್ತಾರೆ, ಇಲ್ಲದ್ದನ್ನು ಯಾರೂ ನೋಡುವುದಿಲ್ಲ. ಸತ್ತ ಮೇಲೆ ಮಣ್ಣಿನಲ್ಲಿ ಉದುರಿದ ಹಲ್ಲಿನ ಜಾಗದಲ್ಲಿ ಗೂಡು ಹಾಗೇ ಇರುತ್ತದೆ, ಅಂಚು ಚೂಪಾಗಿರುತ್ತದೆ. ಬದುಕಿದ್ದಾಗಲೇ ಬಿದ್ದಿದ್ದರೆ ಮೂಳೆ ತುಂಬಿ ನುಣ್ಣಗಾಗಿರುತ್ತದೆ. ಆ ನುಣ್ಣನೆ ಜಾಗದಲ್ಲಿದ್ದ ಹಲ್ಲು ಎಷ್ಟೋ ಸಲ ಹುಳುಕಾಗಿಯೇ ಹೋಗಿರುತ್ತದೆ. ಹರಪ್ಪದ ಅಸ್ಥಿಗಳನ್ನು ನೋಡಿದ ಮಾನವಶಾಸ್ತ್ರಜ್ಞ ಜಾನ್ ಲುಕಾಕ್ಸ್ ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಕಣ್ಣಿಗೆ ಕಂಡ ಹುಳುಕು ನೂರು ಹಲ್ಲಿಗೆ ಸುಮಾರು 7. ಹೀಗೆ ಹೋದ ಹಲ್ಲುಗಳನ್ನೂ ಅಂದಾಜು ಮಾಡಿ ಸೇರಿಸಿದರೆ ಅದು 12ಕ್ಕೆ ಏರಿತು. ಅಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹುಳುಕು ಜಾಸ್ತಿ. ಬಸಿರು, ಜೊಲ್ಲಿನಲ್ಲಾಗುವ ಬದಲಾವಣೆ, ಅಡುಗೆಮನೆಯಲ್ಲಿ ಆಗಾಗ ಬಾಯಿಗೆ ಹಾಕಿಕೊಳ್ಳುವುದು, ಹೀಗೆ ಕಾರಣಗಳನ್ನು ಹೇಳುತ್ತಾರೆ. ಇಂಥದ್ದೇ ಅಂತ ಬೆರಳು ಮಾಡಿ ಹೇಳುವುದು ಕಷ್ಟ.

ಮೆಹರ್‌ಗಢದ್ದು ಇನ್ನೂ ಮಜಾ. ಬಲೂಚಿಸ್ತಾನದ ಬೋಲಾನ್ ಕಣಿವೆಯ ಬುಡದಲ್ಲಿರುವ ಊರು. ಅಲ್ಲಿನ ಮೊದಲ ಬೇಸಾಯಗಾರರ ಹಲ್ಲಿನಲ್ಲಿ ಹುಳುಕು ಕಡಿಮೆ. ನೋಡಿದಿರಾ, ಗೋಧಿ ಬಾರ್ಲಿ ತಿಂದೂ ಹೇಗಿದ್ದರು ಅಂತ ಯಾರಾದರೂ ಹೊಗಳುವ ಮೊದಲೇ ಹೇಳುತ್ತೇನೆ: ಆ ಹಲ್ಲುಗಳಲ್ಲಿ ಫ್ಲೋರೈಡಿನ ಕಲೆ ಇದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಹುಳುಕು ತಗ್ಗುತ್ತದೆ, ಆದರೆ ಹಲ್ಲು ಕಂದಾಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಶಿಸ್ತಿಗೆ ಸಿಗಬೇಕಾದ ಹೊಗಳಿಕೆಯಲ್ಲಿ ಬಾವಿಗೂ ಒಂದು ಪಾಲಿದೆ.

ಅದೇ ಊರಿನಲ್ಲಿ 9,000ದಿಂದ 7,500 ವರ್ಷಗಳ ಹಿಂದೆ 9 ಜನರ 11 ದವಡೆ ಹಲ್ಲುಗಳಿಗೆ ಯಾರೋ ತೂತು ಕೊರೆದಿದ್ದಾರೆ. ಮಣಿ ಕೊರೆಯುವ ಬೈರಿಗೆಯಂಥದ್ದರಿಂದ, ಚಕಮಕಿ ಕಲ್ಲಿನ ಮೊನೆಯಿಂದ. ತೂತಿನ ಅಂಚು ಅಗಿದು ನುಣುಪಾಗಿದೆ, ಅಂದರೆ ಆಮೇಲೂ ಬದುಕಿದ್ದರು. ಅವುಗಳಲ್ಲಿ ಕೆಲವು ಹಲ್ಲುಗಳಲ್ಲಿ ಮಾತ್ರ ಹುಳುಕಿತ್ತು, ಹಾಗಾಗಿ ನೋವಿಗೇ ಕೊರೆದದ್ದು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅರಿವಳಿಕೆ ಇಲ್ಲದೆ ಬಾಯಿ ತೆರೆದು ಕೂತವರು ಏನೂ ಕಾರಣವಿಲ್ಲದೆ ಕೂತಿರಲಾರರು. ನನ್ನ ಡ್ರಿಲ್ ಸದ್ದಿಗೇ ಕುರ್ಚಿಯ ಕೈ ಹಿಡಿಯುವವರಿಗೆ ಇದನ್ನು ಹೇಳಿ ನೋಡಿದ್ದೇನೆ, ಏನೂ ಪ್ರಯೋಜನವಾಗಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವವರ ಜೊತೆ ವಾದಿಸಿ ಸಾಕಾಗಿದೆ. ಆದರೆ ಹಲ್ಲಿಗೆ ಕಟ್ಟುವ ಆ ಗಟ್ಟಿ ಪಾಚಿಯ ಮೇಲೆ ನನಗೆ ಒಳಗೊಳಗೇ ಗೌರವವಿದೆ. ತಿಂದದ್ದು, ಉಸಿರಾಡಿದ್ದು ಅದರೊಳಗೆ ಕಲ್ಲಾಗಿ ಉಳಿಯುತ್ತದೆ. ಜರ್ಮನಿಯ ಡಾಲ್‌ಹೈಮ್‌ನಲ್ಲಿ ಸುಮಾರು ಒಂದು ಸಾವಿರ ವರ್ಷದ ಹಿಂದೆ ಸತ್ತ ಸನ್ಯಾಸಿನಿಯೊಬ್ಬಳ ಪಾಚಿಯಲ್ಲಿ ನೀಲಿ ಕಣಗಳು ಸಿಕ್ಕವು. ಅಫ್ಘಾನಿಸ್ತಾನದಿಂದ ಹೋಗುತ್ತಿದ್ದ ಲಾಪಿಸ್ ಲಜುಲಿ ಕಲ್ಲಿನ ಬಣ್ಣ ಅದು. ಪ್ರಾಯಶಃ ಗ್ರಂಥಗಳಿಗೆ ಚಿತ್ರ ಬರೆಯುತ್ತಾ ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುತ್ತಿದ್ದಳು. 2019ರಲ್ಲಿ ಇದು ಪ್ರಕಟವಾದಾಗ, ಆ ಕೆಲಸ ಗಂಡಸರದ್ದೇ ಅಂದುಕೊಂಡಿದ್ದವರು ಸ್ವಲ್ಪ ಯೋಚಿಸಬೇಕಾಯಿತು. ಅವಳ ಪಾಚಿ ಉಳಿಯಿತು, ಸಂತೋಷ. ನಿಮ್ಮದನ್ನು ತೆಗೆಸಿ.

ತಾಯಂದಿರು ಕೇಳುವ ಒಂದು ಪ್ರಶ್ನೆಗೂ ಉತ್ತರ ಇದೇ ಹಳೇ ಹಲ್ಲಿನಲ್ಲಿದೆ. ಮಗುವಿನ ಹೊಸ ಮುಂಬಲ್ಲಿನ ಮೇಲೆ ಅಡ್ಡಗೆರೆ, ಉಗುರು ಆಡಿಸಿದರೆ ಸಣ್ಣ ತಗ್ಗು ಸಿಗುತ್ತದೆ, ಕ್ಯಾಲ್ಸಿಯಂ ಕಡಿಮೆಯಾಗಿ ಹೀಗಾಯಿತಾ ಅಂತ ಕೇಳುತ್ತಾರೆ. ಎನಾಮಲ್ ಕಟ್ಟುತ್ತಿದ್ದ ಕಾಲದಲ್ಲಿ ಜೋರು ಜ್ವರವೋ, ಭೇದಿಯೋ, ಹೊಟ್ಟೆಗೆ ಸಾಲದ್ದೋ ಆದರೆ ಕೆಲಸ ಅಲ್ಲಿಗೆ ತಡೆಯುತ್ತದೆ. ಎನಾಮಲ್ ಮತ್ತೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ, ಗೆರೆ ಉಳಿದುಬಿಡುತ್ತದೆ. ಪುಣೆ ಜಿಲ್ಲೆಯ ಇನಾಮ್‌ಗಾಂವ್‌ನಲ್ಲಿ ಮೂರು ಸಾವಿರ ವರ್ಷದ ಹಿಂದೆ ಮಕ್ಕಳು ಸತ್ತರೆ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿಟ್ಟು, ಮನೆಯ ನೆಲದಡಿ ಹೂಳುತ್ತಿದ್ದರು. ಅವರ ಹಾಲುಹಲ್ಲುಗಳಲ್ಲೂ ಎನಾಮಲ್‌ನ ಇಂಥ ಕೊರತೆ ಕಂಡಿದೆ. ಹಾಲುಹಲ್ಲು ಕಟ್ಟಲು ಶುರುವಾಗುವುದು ಹೊಟ್ಟೆಯಲ್ಲಿದ್ದಾಗಲೇ, ಹಾಗಾಗಿ ತಾಯಿಯ ಊಟದ ಸುದ್ದಿಯೂ ಸ್ವಲ್ಪ ಅದರಲ್ಲಿ ಸೇರಿರಬಹುದು.

ಗೆರೆ ಇದೆ ಅಂದರೆ ಮಗು ಆ ಕಾಯಿಲೆಯನ್ನು ದಾಟಿದೆ, ಎನಾಮಲ್ ಕಟ್ಟುವುದು ಮತ್ತೆ ಶುರುವಾಗಿದೆ. ಒಂದೇ ಏಟಿಗೆ ಸತ್ತ ಮಗುವಿನ ಹಲ್ಲಿನಲ್ಲಿ ಗೆರೆಯೇ ಇರುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಕಡಿಮೆಯಾಯಿತು ಅಂತ ಈಗ ಸಿರಪ್ ಕುಡಿಸಿದರೆ ಆ ಗೆರೆ ಹೋಗುವುದಿಲ್ಲ. ಜುಮ್ಮೆನ್ನದಿದ್ದರೆ, ಆಹಾರ ಕಚ್ಚಿಕೊಳ್ಳದಿದ್ದರೆ ಬಿಟ್ಟುಬಿಡಿ. ತೀರಾ ಕಾಣುತ್ತದೆ ಅನ್ನಿಸಿದರೆ, ಮಗು ಸ್ವಲ್ಪ ದೊಡ್ಡದಾದ ಮೇಲೆ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಹಾಕಿ ಮುಚ್ಚಬಹುದು. ಮೊದಲು ಒಮ್ಮೆ ಕರೆತಂದು ತೋರಿಸಿ. ಫೋಟೊ ಕಳಿಸಿ ಕೇಳಬೇಡಿ.