ಜಾರ್ಜ್ ಅಂದರೆ ರೈತ: ಒಂದು ಗ್ರೀಕ್ ಹೆಸರಿನ ತಿರುಗಾಟ

ಕೇರಳದ ಯಾವುದೋ ಊರಿನ ವರ್ಗೀಸ್, ಬಾಹ್ಯಾಕಾಶಕ್ಕೆ ಮೊದಲು ಹೋದ ಯೂರಿ ಗಗಾರಿನ್, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮೂವರದ್ದೂ ಒಂದೇ ಹೆಸರು ಅಂದರೆ ನಂಬೋದು ಕಷ್ಟ, ಅಲ್ವಾ?

ಮೂಲ ಹೆಸರು ಗ್ರೀಕರ ಗೆಯೋರ್ಗಿಯೋಸ್. 'ಗೆ' ಅಂದರೆ ಭೂಮಿ, 'ಎರ್ಗೊನ್' ಅಂದರೆ ಕೆಲಸ. ಪಿಯುಸಿ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ, ಕೆಲಸವನ್ನು ಅಳೆಯುವ 'ಎರ್ಗ್' ಬಂದಿದ್ದೂ ಇಲ್ಲಿಂದಲೇ. ಭೂಮಿಯ ಕೆಲಸ ಮಾಡುವವನು, ಅಂದರೆ ರೈತ. ಹಳೆಯ ಪ್ಯಾಲೆಸ್ತೀನಿನ ಲಿದ್ದಾದಲ್ಲಿ (ಈಗ ಇಸ್ರೇಲಿನ ಲೋಡ್) ಸಮಾಧಿಯಿದೆ ಎಂದು ಭಕ್ತರು ನಂಬುವ ಸಂತನಿಗೆ ಈ ಹೆಸರಿತ್ತು. ಸಂತನ ಹಿಂದೆ ಹೆಸರೂ ದೇಶ ಸುತ್ತಿತು, ಅರ್ಥ ಮಾತ್ರ ಊರಲ್ಲೇ ಉಳಿಯಿತು.

ಮುಂದಿನದೆಲ್ಲ ನಾಲಿಗೆಯ ಆಟ. ಮೊದಲ 'ಗ'ದ ಪಾಡು ನೋಡಿ. ಗ್ರೀಕರೇ ಅದನ್ನು 'ಯ' ಮಾಡಿಕೊಂಡರು, ಈಗ ಅಥೆನ್ಸಿನಲ್ಲಿ ಆತ ಯೋರ್ಗೊಸ್. ಅರಬ್ಬಿಯಲ್ಲಿ ಜಿರ್ಜಿಸ್. ಅದೇ 'ಜ' ಅಕ್ಷರವನ್ನು ಈಜಿಪ್ಟಿನವರು 'ಗ' ಅನ್ನುತ್ತಾರೆ, ಹಾಗಾಗಿ ಅಲ್ಲಿ ಮತ್ತೆ ಗಿರ್ಗಿಸ್! ಸ್ಪೇನಿನಲ್ಲಿ ಹೋರ್ಹೆ, ಪೋಲೆಂಡಿನಲ್ಲಿ ಯೆಜಿ. ರಷ್ಯನ್ನರಂತೂ ಒಂದನ್ನು ಒಡೆದು ಮೂರು ಮಾಡಿಕೊಂಡರು: ಗಿಯೋರ್ಗಿ, ಯೆಗೋರ್, ಯೂರಿ. ಇವತ್ತು ಅಣ್ಣನಿಗೆ ಯೂರಿ, ತಮ್ಮನಿಗೆ ಗಿಯೋರ್ಗಿ ಅಂತ ಇಟ್ಟರೂ ಅಲ್ಲಿ ಯಾರೂ ಹುಬ್ಬೇರಿಸಲಿಕ್ಕಿಲ್ಲ.

ದಕ್ಷಿಣ ಭಾರತಕ್ಕೆ ಈ ಹೆಸರು ಎರಡು ದಾರಿಯಲ್ಲಿ ಬಂತು. ಹಳೆಯ ದಾರಿ ಕೇರಳದ ಸಿರಿಯನ್ ಕ್ರೈಸ್ತರದ್ದು. ಅವರ ಪ್ರಾರ್ಥನೆಯ ಹಳೆಯ ಭಾಷೆ ಸಿರಿಯಾಕ್. ಅಲ್ಲಿನ ರೂಪ ಮಲಯಾಳದ ಬಾಯಲ್ಲಿ ಗೀವರ್ಗೀಸ್ ಆಯಿತು. ಕರೆಯೋಕೆ ಉದ್ದವಾಯಿತೇನೋ, ತಲೆ ಹಾರಿ ವರ್ಗೀಸ್ ಉಳಿಯಿತು. ಮನೆಯಲ್ಲಿ ಇನ್ನೂ ಸಣ್ಣದಾಗಿ ವರ್ಕಿ.

ಇನ್ನೊಂದು ಇಂಗ್ಲಿಷರ ದಾರಿ. ತಮಾಷೆ ಅಂದರೆ, ಸಂತ ಜಾರ್ಜ್ ಇಂಗ್ಲೆಂಡಿನ ರಕ್ಷಕನಾಗಿದ್ದರೂ ಅಲ್ಲಿನವರು ಮಕ್ಕಳಿಗೆ ಆ ಹೆಸರಿಡುತ್ತಿದ್ದುದು ಕಡಿಮೆ. 1714ರಲ್ಲಿ ಜರ್ಮನಿಯ ಹ್ಯಾನೋವರಿನಿಂದ ಬಂದ ಗೇಯೋರ್ಗ್, ಒಂದನೇ ಜಾರ್ಜ್ ಆಗಿ ಸಿಂಹಾಸನ ಏರಿದ. ಆಮೇಲೆ ನೋಡಿ, ಜಾರ್ಜುಗಳ ಸಾಲು.

ಆ ಸಾಲಿನ ಐದನೆಯವನು ಹುಟ್ಟಿದ್ದು ಜೂನ್ 3ರಂದು. ಜಾರ್ಜ್ ಫರ್ನಾಂಡಿಸರೂ 1930ರ ಜೂನ್ 3ರಂದೇ ಹುಟ್ಟಿದರು. ತಾಯಿಗೆ ರಾಜನ ಮೇಲೆ ಅಭಿಮಾನ, ಅದೇ ಹೆಸರಿಟ್ಟರು. ಮಗ ಕಾರ್ಮಿಕ ನಾಯಕನಾಗಿ 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಲು ಹೊರಟ. ರಾಜನ ಹೆಸರಿಗಿಂತ ದುಡಿಯುವವನ ಹೆಸರು ಅವರಿಗೆ ಜಾಸ್ತಿ ಒಪ್ಪುತ್ತಿತ್ತು ಅಂತ ನನಗನಿಸುತ್ತದೆ.

ಎರಡೂ ದಾರಿ ಕೂಡುವುದೂ ಉಂಟು. ಚರ್ಚಿನ ಪುಸ್ತಕದಲ್ಲಿ ಗೀವರ್ಗೀಸ್, ಶಾಲೆಯ ದಾಖಲೆಯಲ್ಲಿ ಜಾರ್ಜ್ ಆಗಿರುವ ಮಲಯಾಳಿಗಳಿದ್ದಾರೆ.