ನಾಯಿಗೆ ಇಷ್ಟೆಲ್ಲ ಖರ್ಚಾ?

ನಾಯಿಯನ್ನು ಮಗುವಿನಂತೆ ನೋಡಿಕೊಂಡು ದುಡ್ಡು ಸುರಿಯುವುದು ಈಚಿನವರ ಶೋಕಿ ಎಂದು ಕೆಲವರು ಹೇಳುತ್ತಾರೆ. ಆದರೆ 1914ರಲ್ಲಿ ಜರ್ಮನಿಯ ಬಾನ್ ನಗರದ ಹತ್ತಿರ, ಕಲ್ಲುಗಣಿಯೊಂದರಲ್ಲಿ ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಮರಿ. ಮರಿಯ ಹಲ್ಲುಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಗುರುತು ಕಾಣುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. ಆ ಕಾಯಿಲೆ ಬಂದ ಮರಿ ಹೇಗಿರುತ್ತದೆ ಎನ್ನುವುದು ನಮ್ಮಂಥ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಜ್ವರ, ವಾಂತಿ, ಭೇದಿ. ಯಾರಾದರೂ ನೀರು ಕುಡಿಸಿ, ಮೈ ಒರೆಸಿ, ಬೆಚ್ಚಗೆ ಇಡದಿದ್ದರೆ ಉಳಿಯುವುದೇ ಕಷ್ಟ. ಆದರೂ ಅದು ವಾರಗಟ್ಟಲೆ ಬದುಕಿತ್ತು. ಬೇಟೆಗೂ ಬಾರದ, ಕಾವಲಿಗೂ ಆಗದ ಮರಿಯನ್ನು ಯಾರೋ ಪಕ್ಕದಲ್ಲೇ ಕೂತು ನೋಡಿಕೊಂಡಿದ್ದಾರೆ.

ಹಾಗಾಗಿ ಇದು ಈಚಿನವರ ಶೋಕಿ ಅಂತ ನಾನು ಒಪ್ಪುವುದಿಲ್ಲ. 2015ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ವಿಷಯ ಕಂಡುಕೊಂಡರು. ನಾಯಿ ಮತ್ತು ಸಾಕಿದವರು ತುಂಬ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ. ತಾಯಿ ಮತ್ತು ಕೂಸನ್ನು ಬೆಸೆಯುವ ಹಾರ್ಮೋನೂ ಅದೇ. ಜನ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗಾಗಲಿಲ್ಲ. "ಇವನೂ ನಮ್ಮ ಮಗನೇ ಡಾಕ್ಟ್ರೇ" ಎನ್ನುವವರು ಸುಮ್ನೆ ಹೇಳುವುದಲ್ಲ. ಮಕ್ಕಳಾದರೆ ದೊಡ್ಡವರಾಗಿ ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಇವು ಮುದಿಯಾದರೂ ಊಟಕ್ಕೆ ನಮ್ಮ ಮುಖವನ್ನೇ ನೋಡಬೇಕು, ಅಲ್ವಾ?

ಆದರೆ ಖರ್ಚಿನ ಹಿಂದೆ ಪ್ರೀತಿಯ ಜೊತೆ ಇನ್ನೊಂದು ಭಾವನೆಯನ್ನೂ ನಾನು ಕ್ಲಿನಿಕ್‌ನಲ್ಲಿ ಕಾಣುತ್ತೇನೆ. ದಿನವಿಡೀ ಒಂಟಿಯಾಗಿ ಬಿಟ್ಟು ಹೋದೆವಲ್ಲ ಎನ್ನುವ ಸಂಕಟ. ಸಂಜೆ ಅದು ತಿಂಡಿಯಾಗಿ ತಟ್ಟೆಗೆ ಬೀಳುತ್ತದೆ. ಲ್ಯಾಬ್ರಡಾರ್ ನಾಯಿಗಳ ಮೇಲೆ ಅವುಗಳ ಜೀವಮಾನವಿಡೀ ನಡೆದ ಒಂದು ಅಧ್ಯಯನವಿದೆ. ಒಂದೇ ಸೂಲಿನ ಎರಡೆರಡು ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಹಾಕಿದರು. ಕಡಿಮೆ ತಿಂದ ಗುಂಪು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿತು. ಕೀಲುನೋವೂ ತಡವಾಗಿ ಬಂತು. ಯಾವ ದುಬಾರಿ ಔಷಧಿಯಿಂದಲೂ ನಾನು ಅಷ್ಟು ಆಯಸ್ಸು ಕೊಡಿಸಲಾರೆ. ಬಟ್ಟೆ, ಕೇಕು ನಿಮ್ಮ ಖುಷಿಗೆ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಲಸಿಕೆ ಹಾಕಿಸಿ. ಬಾಯಿ ತೆರೆದು ಹಲ್ಲು ನೋಡಿ. ವಾಕಿಂಗ್‌ನಲ್ಲಿ ಸರಪಳಿ ಎಳೆಯದೆ, ಅದು ಮೂಸಿದಷ್ಟು ಹೊತ್ತು ನಿಲ್ಲಿ.

ಕಷ್ಟವಾಗುವುದು ಕೊನೆಯ ಕಾಯಿಲೆಯಲ್ಲಿ. ಕ್ಯಾನ್ಸರ್, ಕಿಡ್ನಿ ತೊಂದರೆ. ಎಷ್ಟಾದರೂ ಆಗಲಿ, ಉಳಿಸಿಕೊಡಿ ಎನ್ನುತ್ತಾರೆ. ನಾನು ಒಂದು ಚೀಟಿ ಕೊಡುತ್ತೇನೆ. ನಿಮ್ಮ ನಾಯಿಗೆ ತುಂಬ ಇಷ್ಟವಾಗಿದ್ದ ನಾಲ್ಕು ವಿಷಯ ಬರೆಯಿರಿ. ಚೆಂಡು, ಬಾಗಿಲಿಗೆ ಓಡುವುದು, ಬಿಸಿಲಲ್ಲಿ ಮಲಗುವುದು, ಏನೇ ಇರಲಿ. ಈಗಲೂ ಮೂರು ಮಾಡುತ್ತಿದ್ದರೆ ಚಿಕಿತ್ಸೆಗೆ ನಾನೂ ಹಟ ಹಿಡಿಯುತ್ತೇನೆ. ಒಂದೂ ಉಳಿದಿಲ್ಲ ಎಂದಾದರೆ, ಆಪರೇಷನ್ ಬಿಟ್ಟು ಅದರ ನೋವು ಹೇಗೆ ತಗ್ಗಿಸುವುದು ಎಂದು ಮಾತಾಡಲು ಕೂರುತ್ತೇವೆ.