ನೂರೈವತ್ತು ಮೈಕ್ರೊಸೆಕೆಂಡಿನ ಲೆಕ್ಕ: ವೈರ್‌ಲೆಸ್ ಕಲಿಯಲು ಯಾವ ಬೋರ್ಡು?

ಕ್ಯಾತಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಗಲ್ಲಾದ ಮುಂದೆ ಕೂತ ಮಾಲೀಕರು ಬೇರೆ, ಒಳಗೆ ಹಬೆಯ ಮುಂದೆ ನಿಂತ ಭಟ್ಟರು ಬೇರೆ. ಚಿಲ್ಲರೆ, ಪಾರ್ಸೆಲ್, ಲೆಕ್ಕ ಎಲ್ಲ ಗಲ್ಲಾದಲ್ಲೇ. ಆದರೆ ಇಡ್ಲಿ ಬೆಂದ ಗಳಿಗೆಗೆ ಮುಚ್ಚಳ ತೆಗೆಯಬೇಕಾದವರು ಭಟ್ಟರು. ಮಾಲೀಕರನ್ನು ಕೇಳಿಕೊಂಡು ಬರುವಷ್ಟು ಹೊತ್ತು ಅವರಿಗಿಲ್ಲ. ವೈರ್‌ಲೆಸ್‌ನಲ್ಲೂ ಇದೇ ಏರ್ಪಾಡು. ಕಂಪ್ಯೂಟರ್ ಕಡೆಯಿಂದ ಚಿಪ್ಪನ್ನು ನಡೆಸುವ ಲಿನಕ್ಸ್ ಡ್ರೈವರ್ ಗಲ್ಲಾ, ಚಿಪ್ಪಿನೊಳಗೇ ಓಡುವ ಪ್ರೋಗ್ರಾಂ ಆದ ಫರ್ಮ್‌ವೇರ್ ಅಡುಗೆಮನೆ.

‘ಓಪನ್ ಸೋರ್ಸ್’ ಹೆಸರಿನಲ್ಲಿ ಕೊಳ್ಳುವ ಎಷ್ಟೋ ಬೋರ್ಡುಗಳಲ್ಲಿ ತೆರೆದಿರುವುದು ಗಲ್ಲಾ ಮಾತ್ರ. ರಾಸ್ಪ್‌ಬೆರಿ ಪೈನ ವೈಫೈ ಡ್ರೈವರ್ ಓದಬಹುದು, ಫರ್ಮ್‌ವೇರ್ ಓದಲಾಗದು. ಇಎಸ್‌ಪಿ32 ಅಗ್ಗ, ಸೆನ್ಸರ್ ಕೆಲಸಕ್ಕೆ ಬಲು ಚೆನ್ನ; ಆದರೆ ಅದರ ವೈಫೈ ಲೈಬ್ರರಿ ಬರುವುದು ಕಂಪೈಲ್ ಆದ, ಓದಲಾಗದ ಬೈನರಿಯಾಗಿ. 2003ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನ ಸೋರ್ಸ್ (ಓದಬಲ್ಲ ಮೂಲ ಕೋಡ್), ಅದನ್ನು ಹಂಚಲೇಬೇಕೆನ್ನುವ ಜಿಪಿಎಲ್ ಲೈಸೆನ್ಸಿನ ನಿಯಮದಿಂದಾಗಿ ಹೊರಬಿತ್ತು, ಮರುವರ್ಷ ರೌಟರಿಗೆಂದೇ ಇರುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಆ ದೊಡ್ಡ ಗೆಲುವಿನಲ್ಲೂ ವೈಫೈ ಡ್ರೈವರ್ ಬೈನರಿಯಾಗಿಯೇ ಉಳಿದಿತ್ತು.

ಬೀಗ ಬಿದ್ದ ಆ ಅಡುಗೆಮನೆಯಲ್ಲಿ ಇರುವುದೇನು? ಅವಸರದ ಕೆಲಸವೆಲ್ಲ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಪ್ಯಾಕೆಟ್ ಮುಗಿದ 10 ಮೈಕ್ರೊಸೆಕೆಂಡಿಗೆ ‘ತಲುಪಿತು’ ಎಂಬ ಉತ್ತರ ಹೊರಡಬೇಕು. ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಆದ ಬ್ಲೂಟೂತ್ ಎಲ್ಇಗೆ 150. ಕೋಲಾಟದಲ್ಲಿ ಎದುರಿನವನ ಕೋಲು ಬಂದಾಗ ನಿಮ್ಮ ಕೋಲು ಅಲ್ಲಿರಬೇಕು. ಆಮೇಲೆ ಎಷ್ಟು ಜೋರಾಗಿ ಬೀಸಿದರೂ ಗಾಳಿಗೆ ಏಟು. 150 ಮೈಕ್ರೊಸೆಕೆಂಡಿನಲ್ಲಿ ತುಮಕೂರಿನಿಂದ ಹೊರಟ ರೇಡಿಯೊ ಅಲೆ 45 ಕಿ.ಮೀ. ಹೋಗಿ ನೆಲಮಂಗಲ ದಾಟುತ್ತದೆ. 64 ಮೆಗಾಹರ್ಟ್ಸ್ ಪ್ರೊಸೆಸರಿಗೆ ಅದು 9,600 ಬಡಿತ. ರೇಡಿಯೊ ಎಚ್ಚರಗೊಳ್ಳಲು 40 ಮೈಕ್ರೊಸೆಕೆಂಡ್ ಕಳೆದರೆ ಉಳಿದದ್ದು 110. ಅಷ್ಟರೊಳಗೆ ಉತ್ತರ ಸಿದ್ಧಪಡಿಸುವ ಕೋಡನ್ನು ಕಣ್ಣಾರೆ ಓದಿ, ತಿದ್ದಿ ನೋಡುವುದೇ ಈ ವಿದ್ಯೆಯ ನಿಜವಾದ ಸಂತೋಷ.

ಅದಕ್ಕೆ ಮೈಕ್ರೊಬಿಟ್ ವಿ2 ಕೊಳ್ಳಿ. ಮಕ್ಕಳ ಬೋರ್ಡು ಎಂದು ಬದಿಗಿಡಬೇಡಿ. ಅದರೊಳಗಿರುವುದು ಎನ್ಆರ್‌ಎಫ್52833 ಚಿಪ್: 512 ಕೆಬಿ ಫ್ಲ್ಯಾಶ್, 128 ಕೆಬಿ ರ‍್ಯಾಮ್. ಜೆಫಿರ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನಲ್ಲಿ ಇದರ ಬ್ಲೂಟೂತ್ ಕಂಟ್ರೋಲರ್ (ರೇಡಿಯೊ ನಡೆಸುವ ಕೋಡ್) ಕೆಳಗಿನವರೆಗೂ ಸೋರ್ಸ್ ರೂಪದಲ್ಲಿದೆ. ಪ್ರೋಗ್ರಾಂ ಹಾಕಿ, ನಿಲ್ಲಿಸಿ ಪರೀಕ್ಷಿಸುವ ಡಿಬಗ್ಗರ್ ಬೋರ್ಡಿನಲ್ಲೇ ಇದೆ. ಕಂಪೈಲ್ ಆದ ಹೆಕ್ಸ್ ಫೈಲನ್ನು, ಬೋರ್ಡು ಸಿಕ್ಕಿಸಿದಾಗ ಕಾಣುವ ಯುಎಸ್‌ಬಿ ಡ್ರೈವಿಗೆ ಕಾಪಿ ಮಾಡಿದರೆ ಸಾಕು. ಡ್ರೈವ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ, ಚಾರ್ಜಿಂಗ್‌ಗಷ್ಟೇ ಇರುವ ಕೇಬಲ್ಲಿನಲ್ಲಿ ಡೇಟಾ ತಂತಿ ಇರುವುದಿಲ್ಲ. ಮಾತಿಗೆ ಇಬ್ಬರು ಬೇಕಾದ್ದರಿಂದ ಎರಡು ಬೋರ್ಡು ತನ್ನಿ.

ಎರಡನೆಯದು ಎನ್ಆರ್‌ಎಫ್52840 ಡಾಂಗಲ್ ಆಗಬಹುದು. ಇದರಲ್ಲಿ ಡಿಬಗ್ಗರ್ ಇಲ್ಲ, ಬೂಟ್‌ಲೋಡರ್ (ಚಿಪ್ಪಿನಲ್ಲಿ ಮೊದಲೇ ಇರುವ ಸಣ್ಣ ಪ್ರೋಗ್ರಾಂ) ಮೂಲಕ ನಿಮ್ಮ ಪ್ರೋಗ್ರಾಂ ಹಾಕಬೇಕು. ಇದೇ ಚಿಪ್ಪಿನ ಡೆವಲಪ್ಮೆಂಟ್ ಕಿಟ್ (ಡಿಕೆ) ಬೋರ್ಡಿಗೆ ಬಿಲ್ಡ್ ಮಾಡಿದ್ದನ್ನು ಇದಕ್ಕೆ ಹಾಕಿದರೆ ಓಡದು: ಫ್ಲ್ಯಾಶಿನ ಮೊದಲ 4 ಕೆಬಿ ಬೇರೆಯದಕ್ಕೆ ಮೀಸಲು, ನಿಮ್ಮ ಪ್ರೋಗ್ರಾಂ ಅದರ ನಂತರ ಶುರುವಾಗಬೇಕು.

ವೈಫೈಯೇ ಬೇಕೆನ್ನುವವರು ಫರ್ಮ್‌ವೇರ್ ಸಮೇತ ತೆರೆದಿರುವ ಎಆರ್9271 ಚಿಪ್ಪಿನ ಯುಎಸ್‌ಬಿ ಅಡಾಪ್ಟರ್ ಹುಡುಕಲಿ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಅದಿತ್ತು. ಎರಡನೆಯದರಿಂದ ರಿಯಲ್‌ಟೆಕ್ ಚಿಪ್. ಹೆಸರು ಅದೇ, ಹೊಟ್ಟೆಯೊಳಗಿನದು ಬೇರೆ.

ಕೋಡ್ ತಿದ್ದಲು ಕೂತವರು ಮೊದಲು ಮಾಡುವ ತಪ್ಪು, ಇಂಟರಪ್ಟಿನ (ಪ್ರೊಸೆಸರ್ ಕೈಕೆಲಸ ಬಿಟ್ಟು ತುರ್ತಾಗಿ ಓಡಿಸುವ ಕೋಡಿನ) ನಡುವೆ ಪ್ರಿಂಟ್ ಬರೆಯುವುದು. ಸೀರಿಯಲ್ ತಂತಿಯಲ್ಲಿ, 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಅಕ್ಷರ ಹೊರಹೋಗಲು 87 ಮೈಕ್ರೊಸೆಕೆಂಡ್ ಬೇಕು. ಕಾದು ನಿಂತು ಎರಡು ಅಕ್ಷರ ಕಳಿಸುವಷ್ಟರಲ್ಲಿ 174 ಆಯಿತು, ಕೋಲಾಟ ಮುರಿಯಿತು. ಪ್ರೋಗ್ರಾಂ ನಡುವೆ ನಿಲ್ಲಿಸುವ ಬ್ರೇಕ್‌ಪಾಯಿಂಟ್ ಇಟ್ಟರಂತೂ ಕನೆಕ್ಷನ್ನೇ ಕಡಿದುಹೋಗುತ್ತದೆ. ಪ್ರಿಂಟ್ ಬದಲು ಒಂದು ಪಿನ್ ಏರಿಸಿ ಇಳಿಸಿ, ಅದಕ್ಕೆ ಪಿನ್ನಿನ ಏರಿಳಿತವನ್ನು ಸಮಯದ ಸಮೇತ ತೋರಿಸುವ, ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್ ಸಿಕ್ಕಿಸಿ. ಗ್ರೌಂಡ್ ತಂತಿ ಮರೆಯಬೇಡಿ.